ಗೊಬ್ಬರ ಕರಗುವಾಗ ನೀರು ತಣ್ಣಗಾಗುವುದೇಕೆ? ಲೋಟದಲ್ಲಿ ಅಳೆದು ನೋಡುವ ಬಗೆ

ಡಿಸೆಂಬರ್ ತಿಂಗಳ ಬೆಳಗಿನ ಆರೂವರೆ ಗಂಟೆ. ವಿಜಯಪುರ ಭಾಗದ ದ್ರಾಕ್ಷಿ ತೋಟವೊಂದರಲ್ಲಿ ಹನಿ ನೀರಾವರಿಯ ಮೂಲಕ ಗೊಬ್ಬರ ಕೊಡಲು ಸಿದ್ಧತೆ ನಡೆದಿದೆ ಎಂದಿಟ್ಟುಕೊಳ್ಳಬಹುದು. ದೊಡ್ಡ ಪ್ಲಾಸ್ಟಿಕ್ ಪೀಪಾಯಿಗೆ ನೂರು ಲೀಟರ್ ನೀರು ತುಂಬಿ, 20 ಕಿಲೋ ಪೊಟ್ಯಾಸಿಯಂ ನೈಟ್ರೇಟನ್ನು ಸುರಿದು, ಆಳು ಕೋಲಿನಿಂದ ತಿರುವುತ್ತಾನೆ. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ತಳದಲ್ಲಿ ಬಿಳಿಯ ಹರಳು ಹಾಗೆಯೇ ಕುಳಿತಿದೆ. ಪೀಪಾಯಿಯ ಹೊರಮೈ ಬೆವರಿದೆ. ಒಳಗೆ ಕೈ ಅದ್ದಿದರೆ ಬೆರಳು ಜೋಮು ಹಿಡಿಯುವಷ್ಟು ಚಳಿ. ಚೀಲದ ಮೇಲೆ ಮಾತ್ರ ‘ನೀರಿನಲ್ಲಿ ಪೂರ್ಣವಾಗಿ ಕರಗುವ ಗೊಬ್ಬರ’ ಎಂದು ಅಚ್ಚಾಗಿದೆ.

ಇಂತಹ ಸಂದರ್ಭದಲ್ಲಿ ಮೊದಲು ಹುಟ್ಟುವುದು ಅಂಗಡಿಯವರ ಮೇಲಿನ ಅನುಮಾನ. ಗೊಬ್ಬರ ಕಲಬೆರಕೆಯೆಂಬ ಮಾತು ಬರುತ್ತದೆ. ಕೆಲವರು ಹರಳನ್ನು ತಳದಲ್ಲಿಯೇ ಬಿಟ್ಟು ಮೇಲಿನ ತಿಳಿಯನ್ನು ವೆಂಚುರಿಗೆ ಹಾಯಿಸುತ್ತಾರೆ. ಮಧ್ಯಾಹ್ನ ಬಿಸಿಲೇರಿದ ಮೇಲೆ ಉಳಿದದ್ದಕ್ಕೆ ಮತ್ತೆ ನೀರು ಹೊಯ್ದು ಕೊನೆಯ ಪಾಳಿಯ ಸಾಲುಗಳಿಗೆ ಕೊಡುತ್ತಾರೆ. ಹೀಗೆ ಒಂದೇ ತೋಟದಲ್ಲಿ ಮೊದಲ ಪಾಳಿಗೆ ಒಂದು ಪ್ರಮಾಣ, ಕೊನೆಯ ಪಾಳಿಗೆ ಇನ್ನೊಂದು ಪ್ರಮಾಣವಾಗುತ್ತದೆ. ಹರಳು ಕೊಳವೆ ಸೇರಿದರೆ ಜರಡಿ ಕಟ್ಟುವುದು ಬೇರೆ ತೊಂದರೆ. ಬೆಲೆ ಬಾಳುವ ಗೊಬ್ಬರವನ್ನು ಹೀಗೆ ಬಳಸಿ ನಷ್ಟಪಡುವ ಮುನ್ನ, ತಪ್ಪು ಗೊಬ್ಬರದ್ದೋ ನೀರಿನ ಉಷ್ಣತೆಯದ್ದೋ ಎಂಬುದನ್ನು ಅಳೆದು ನೋಡುವುದು ಮೇಲು. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಒಂದು ಸ್ಟೀಲ್ ಲೋಟ, ಒಂದು ಉಷ್ಣತಾಮಾಪಕ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು.

ಶಾಖ ಹೋಗುವುದೆಲ್ಲಿಗೆ?

ಉಪ್ಪಿನ ಹರಳಿನಲ್ಲಿ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಈ ಹಿಡಿತವನ್ನು ಬಿಡಿಸಲು ಶಾಖ ಖರ್ಚಾಗುತ್ತದೆ. ಬಿಡಿಯಾದ ಕಣಗಳನ್ನು ನೀರು ಸುತ್ತುವರಿದು ತನ್ನತ್ತ ಸೆಳೆದುಕೊಂಡಾಗ ಸ್ವಲ್ಪ ಶಾಖ ಹಿಂತಿರುಗಿ ಬರುತ್ತದೆ. ಖರ್ಚು ಜಮೆಗಿಂತ ಹೆಚ್ಚಾದರೆ ಕೊರತೆಯನ್ನು ತುಂಬಿಕೊಡಬೇಕಾದುದು ಆ ನೀರೇ. ಆದ್ದರಿಂದ ಅದು ತಣ್ಣಗಾಗುತ್ತದೆ. ಜಮೆ ಹೆಚ್ಚಾದರೆ ನೀರು ಬಿಸಿಯಾಗುತ್ತದೆ. ಯೂರಿಯಾ, ಪೊಟ್ಯಾಷ್, ಪೊಟ್ಯಾಸಿಯಂ ನೈಟ್ರೇಟ್ ಮೊದಲನೆಯ ಗುಂಪಿನವು. ಸುಟ್ಟ ಸುಣ್ಣ ನೀರನ್ನು ಕುದಿಸುವ ಗುಂಪಿನದು. ಅದು ಬರಿಯ ಕರಗುವಿಕೆಯಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡುವ ಕ್ರಿಯೆ. ಆದರೂ ಅಳೆಯುವ ಬಗೆ ಎರಡಕ್ಕೂ ಒಂದೇ.

ಪೊಟ್ಯಾಸಿಯಂ ನೈಟ್ರೇಟಿನ ಈ ಗುಣ ನಮ್ಮ ದೇಶದಲ್ಲಿ ಹಳೆಯ ಕಾಲದಿಂದ ತಿಳಿದದ್ದು. ನಮ್ಮವರು ಪೆಟ್ಲುಪ್ಪು ಎಂದು ಕರೆಯುತ್ತಿದ್ದುದು ಇದನ್ನೇ. ಹದಿನಾರನೆಯ ಶತಮಾನದಲ್ಲಿ ಅಕ್ಬರನ ಅರಮನೆಯಲ್ಲಿ ಕುಡಿಯುವ ನೀರಿನ ಹೂಜಿಯನ್ನು ಪೆಟ್ಲುಪ್ಪು ಕದಡಿದ ನೀರಿನಲ್ಲಿ ಆಡಿಸಿ ತಂಪು ಮಾಡುತ್ತಿದ್ದರೆಂದು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ತಿಳಿಸುತ್ತದೆ. ತೋಪಿನ ಮದ್ದಿನಲ್ಲಿ ಬೆಂಕಿಯಾಗುವ ವಸ್ತುವೇ ಇಲ್ಲಿ ಮಂಜುಗಡ್ಡೆಯ ಕೆಲಸ ಮಾಡುತ್ತಿತ್ತು. ಅಂದು ಅರಮನೆಗೆ ಉಪಕಾರವಾದ ಗುಣವೇ ಇಂದು ಚಳಿಗಾಲದ ಬೆಳಿಗ್ಗೆ ದ್ರಾಕ್ಷಿ ಬೆಳೆಗಾರರಿಗೆ ತೊಡಕಾಗಿದೆ.

ಸಲಕರಣೆ

ಶಾಖ ಒಳಗೂ ಹೊರಗೂ ಸುಲಭವಾಗಿ ಹರಿಯದಂತಹ ಪಾತ್ರೆಯೇ ಶಾಖಮಾಪಕ. ಸುಮಾರು 100 ಗ್ರಾಂ ತೂಗುವ ಸ್ಟೀಲ್ ಲೋಟವನ್ನು ಅದಕ್ಕಿಂತ ದೊಡ್ಡದಾದ ಡಬ್ಬಿಯೊಳಗೆ ಇಟ್ಟು, ನಡುವಿನ ಜಾಗಕ್ಕೆ ಒಣಗಿದ ಭತ್ತದ ಹೊಟ್ಟನ್ನಾಗಲಿ ಹತ್ತಿಯನ್ನಾಗಲಿ ತುಂಬಬೇಕು. ಹೊಟ್ಟು ಒದ್ದೆಯಾಗಿರಬಾರದು. ಮೇಲೆ ರಟ್ಟಿನ ಮುಚ್ಚಳ. ಅದರಲ್ಲಿ ಎರಡು ತೂತು, ಒಂದು ಉಷ್ಣತಾಮಾಪಕಕ್ಕೆ, ಇನ್ನೊಂದು ಕಲಕುವ ಕಡ್ಡಿಗೆ. ಥರ್ಮೋಕೋಲ್ ಲೋಟ ಸಿಕ್ಕರೆ ಇನ್ನೂ ಸುಲಭ, ಏಕೆಂದರೆ ಅದು ತಾನು ಹೀರಿಕೊಳ್ಳುವ ಶಾಖ ಲೆಕ್ಕಕ್ಕೇ ಬಾರದಷ್ಟು ಕಡಿಮೆ.

ಉಷ್ಣತಾಮಾಪಕ 0ಯಿಂದ 50 ಅಥವಾ 100 ಡಿಗ್ರಿ ಸೆಂಟಿಗ್ರೇಡಿನವರೆಗೆ ಓದುವಂತಹದಾಗಿರಬೇಕು. ಜ್ವರ ನೋಡುವ ಮಾಪಕ ಇಲ್ಲಿ ನಡೆಯುವುದಿಲ್ಲ. ಅದು ಓದುವುದೇ 35 ಡಿಗ್ರಿಯಿಂದ ಮೇಲೆ. ಹತ್ತನೆಯ ಒಂದು ಡಿಗ್ರಿಯನ್ನು ತೋರಿಸುವ ಡಿಜಿಟಲ್ ಮಾಪಕ ಈಗ ದುಬಾರಿಯೇನಲ್ಲ. ತೂಕಕ್ಕೆ ಒಂದು ಗ್ರಾಂ ವ್ಯತ್ಯಾಸ ತಿಳಿಸುವ ಅಡುಗೆಮನೆಯ ತಕ್ಕಡಿ ಸಾಕು.

ಅಳೆಯುವ ಕ್ರಮ

ಲೋಟಕ್ಕೆ 200 ಮಿಲಿಲೀಟರ್ ನೀರು ಹಾಕಿ. ಅದರ ತೂಕ 200 ಗ್ರಾಂ ಎಂದು ಹಿಡಿಯಬಹುದು. ಬೇರೆ ಕಾಗದದ ಮೇಲೆ 20 ಗ್ರಾಂ ಯೂರಿಯಾ ತೂಗಿ ಇಡಿ. ನೀರು, ಯೂರಿಯಾ, ಲೋಟ ಮೂರನ್ನೂ ಒಂದೇ ಕೋಣೆಯಲ್ಲಿ, ನೆರಳಿನಲ್ಲಿ, ಒಂದು ಗಂಟೆ ಕಾಲ ಬಿಟ್ಟಿರಬೇಕು. ಬಹಳ ಜನ ಎಡವುವುದು ಇಲ್ಲಿ. ಬಿಸಿಲಿಗಿಟ್ಟ ಚೀಲದಿಂದ ತೆಗೆದ ಯೂರಿಯಾ ನೀರಿಗಿಂತ 10 ಡಿಗ್ರಿ ಬಿಸಿಯಾಗಿದ್ದರೆ ಅದೊಂದೇ ಕಾರಣದಿಂದ ಫಲಿತಾಂಶದಲ್ಲಿ ಸುಮಾರು 0.3 ಡಿಗ್ರಿಯ ತಪ್ಪು ಬರುತ್ತದೆ.

ನೀರಿನ ಉಷ್ಣತೆಯನ್ನು ಅರ್ಧ ನಿಮಿಷಕ್ಕೊಮ್ಮೆಯಂತೆ ಮೂರು ನಿಮಿಷ ಬರೆದುಕೊಳ್ಳಬೇಕು. ಅಂಕಿ ಬದಲಾಗದೆ ನಿಂತ ಮೇಲೆ ಯೂರಿಯಾವನ್ನು ಒಂದೇ ಸಲಕ್ಕೆ ಸುರಿದು, ಮುಚ್ಚಿ, ಕಡ್ಡಿಯಿಂದ ಬಿಡದೆ ಕಲಕಬೇಕು. ಮಾಪಕದಿಂದಲೇ ಕಲಕುವುದು ಕೆಟ್ಟ ಅಭ್ಯಾಸ. ಬುರುಡೆ ಒಡೆದರೆ ಮಾಪಕವೂ ಹೋಯಿತು, ನೀರೂ ಕೆಟ್ಟಿತು. ಉಷ್ಣತೆ ಬೇಗ ಬೇಗ ಇಳಿದು ಒಂದು ಹಂತದಲ್ಲಿ ನಿಂತು, ಮತ್ತೆ ಮೆಲ್ಲಗೆ ಏರತೊಡಗುತ್ತದೆ. ಈ ಏರಿಕೆ ಹೊರಗಿನ ಶಾಖ ಒಳಗೆ ನುಸುಳುತ್ತಿರುವುದರ ಗುರುತು. ಕನಿಷ್ಠ ಅಂಕಿಯನ್ನು ಬರೆದುಕೊಂಡು, ನಂತರದ ಏರಿಕೆಯ ವೇಗವನ್ನೂ ನೋಡಿಕೊಳ್ಳಬೇಕು. ನಿಮಿಷಕ್ಕೆ 0.1 ಡಿಗ್ರಿಯಂತೆ ಏರುತ್ತಿದ್ದು, ಕರಗಲು ಎರಡು ನಿಮಿಷ ಹಿಡಿದಿದ್ದರೆ, ಕನಿಷ್ಠ ಅಂಕಿಯಿಂದ ಇನ್ನೊಂದು 0.1 ಡಿಗ್ರಿ ಕಳೆದರೆ ನಿಜಕ್ಕೆ ಹತ್ತಿರವಾಗುತ್ತದೆ.

2015ರಿಂದ ದೇಶದಲ್ಲಿ ಬರುವ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪನ ಇರುವುದರಿಂದ ನೀರಿನ ಮೇಲೆ ಎಣ್ಣೆಯ ತೆಳು ಪದರ ಕಾಣಬಹುದು. ಇದು ಕಲಬೆರಕೆಯಲ್ಲ, ಅಳತೆಗೂ ಅಡ್ಡಿಯಿಲ್ಲ.

ಲೆಕ್ಕ

ಒಂದು ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾದರೆ ಒಂದು ಕ್ಯಾಲೊರಿ ಶಾಖ ಬಿಟ್ಟುಕೊಟ್ಟಂತೆ. ಈಗಿನ ಪುಸ್ತಕಗಳಲ್ಲಿ ಜೂಲ್ ಎಂಬ ಮಾನವಿದೆ. ಒಂದು ಕ್ಯಾಲೊರಿ ಎಂದರೆ ಸುಮಾರು 4.18 ಜೂಲ್. ರೈತರ ಲೆಕ್ಕಕ್ಕೆ ಕ್ಯಾಲೊರಿಯೇ ಅನುಕೂಲ, ಏಕೆಂದರೆ ನೀರಿನ ತೂಕವೇ ನೇರವಾಗಿ ಲೆಕ್ಕಕ್ಕೆ ಬರುತ್ತದೆ.

ಶಾಖ ಕೊಡುವುದು ನೀರೊಂದೇ ಅಲ್ಲ, ಲೋಟವೂ ಕೊಡುತ್ತದೆ. ಸ್ಟೀಲಿನ ಒಂದು ಗ್ರಾಂ ಒಂದು ಡಿಗ್ರಿ ತಣ್ಣಗಾದರೆ ಸುಮಾರು 0.12 ಕ್ಯಾಲೊರಿ. ಆದ್ದರಿಂದ 100 ಗ್ರಾಂ ಲೋಟ 12 ಗ್ರಾಂ ನೀರಿಗೆ ಸಮ. ಕರಗಿದ 20 ಗ್ರಾಂ ಯೂರಿಯಾ ಸುಮಾರು 8 ಗ್ರಾಂ ನೀರಿಗೆ ಸಮ. ಎಲ್ಲ ಸೇರಿ 200 + 12 + 8, ಅಂದರೆ 220.

ಉದಾಹರಣೆಗೆ, ನೀರು ಮೊದಲು 26.0 ಡಿಗ್ರಿಯಲ್ಲಿದ್ದು, ತಿದ್ದುಪಡಿಯ ನಂತರ ಕನಿಷ್ಠ 20.6 ಡಿಗ್ರಿ ಬಂದಿತೆಂದು ಇಟ್ಟುಕೊಳ್ಳಬಹುದು. ಇಳಿತ 5.4 ಡಿಗ್ರಿ. 5.4ನ್ನು 220ರಿಂದ ಗುಣಿಸಿದರೆ 1188 ಕ್ಯಾಲೊರಿ. ಇದನ್ನು 20 ಗ್ರಾಂಗೆ ಭಾಗಿಸಿದರೆ ಗ್ರಾಂಗೆ 59.4 ಕ್ಯಾಲೊರಿ. ಯೂರಿಯಾ ಕರಗುವ ಶಾಖ ಗ್ರಾಂಗೆ ಸುಮಾರು 60 ಕ್ಯಾಲೊರಿ ಎಂದು ಪುಸ್ತಕಗಳು ಹೇಳುತ್ತವೆ. ಹೊಟ್ಟು ತುಂಬಿದ ಡಬ್ಬಿಯಲ್ಲಿ 55ರಿಂದ 62ರೊಳಗೆ ಬಂದರೆ ಕೆಲಸ ಚೆನ್ನಾಗಿ ನಡೆದಿದೆ ಎಂದೇ ತಿಳಿಯಬೇಕು. ಬಹಳ ಕಡಿಮೆ ಬಂದರೆ ಯೂರಿಯಾ ತೇವ ಹೀರಿ ಗಟ್ಟಿಯಾಗಿತ್ತೇ, ಹರಳೆಲ್ಲ ಕರಗಿತ್ತೇ ಎಂದು ನೋಡಿ ಇನ್ನೊಮ್ಮೆ ಮಾಡತಕ್ಕದ್ದು. ಒಂದೇ ಅಳತೆಯನ್ನು ನಂಬಬಾರದು. ಮೂರು ಸಲ ಮಾಡಿ ಸರಾಸರಿ ತೆಗೆಯುವುದು ಕ್ರಮ.

ಇದೇ ರೀತಿ 20 ಗ್ರಾಂ ಪೊಟ್ಯಾಸಿಯಂ ನೈಟ್ರೇಟನ್ನು 200 ಮಿಲಿಲೀಟರಿನಲ್ಲಿ ಕರಗಿಸಿದರೆ ಉಷ್ಣತೆ ಸುಮಾರು 7 ಡಿಗ್ರಿ ಇಳಿಯುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು 5 ಡಿಗ್ರಿ ಇಳಿಸುತ್ತದೆ. ಅಮೋನಿಯಂ ಸಲ್ಫೇಟಿನಿಂದ ಒಂದು ಡಿಗ್ರಿಯ ಆಸುಪಾಸು ಮಾತ್ರ. ಈ ಉಪ್ಪುಗಳಿಗೆ ಲೆಕ್ಕ ಮಾಡುವಾಗ ಉಪ್ಪಿನ ಪಾಲನ್ನು ಬಿಟ್ಟು, ನೀರು ಮತ್ತು ಲೋಟ ಸೇರಿ 212 ಎಂದು ಹಿಡಿದರೆ ಹೆಚ್ಚಿನ ತಪ್ಪಾಗುವುದಿಲ್ಲ.

ಪೀಪಾಯಿಯಲ್ಲಿ ಆದದ್ದೇನು?

ಈಗ ಮೊದಲಿನ ಪೀಪಾಯಿಗೆ ಹಿಂತಿರುಗಬಹುದು. ಪೊಟ್ಯಾಸಿಯಂ ನೈಟ್ರೇಟ್ 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 31 ಗ್ರಾಂ ಕರಗುತ್ತದೆ. ಲೀಟರಿಗೆ 310 ಗ್ರಾಂ ಕರಗುವಾಗ 200 ಗ್ರಾಂ ಏಕೆ ಕರಗಬಾರದು? ಲೆಕ್ಕ ಹಾಕಿದವರು ತಪ್ಪು ಮಾಡಲಿಲ್ಲ. ಆದರೆ ಆ ಅಂಕಿ 20 ಡಿಗ್ರಿಯದು, ಪೀಪಾಯಿಯ ನೀರು ಮಾತ್ರ ಆ ಉಷ್ಣತೆಯಲ್ಲಿ ನಿಲ್ಲುವುದಿಲ್ಲ. 10 ಡಿಗ್ರಿಯಲ್ಲಿ ಕರಗುವುದು 21 ಗ್ರಾಂ, 0 ಡಿಗ್ರಿಯಲ್ಲಿ 13 ಗ್ರಾಂ ಮಾತ್ರ. ಅಂದರೆ ಈ ಉಪ್ಪು ಕರಗಿದಷ್ಟೂ ನೀರನ್ನು ತಣ್ಣಗೆ ಮಾಡುತ್ತದೆ, ನೀರು ತಣ್ಣಗಾದಷ್ಟೂ ತಾನು ಕರಗುವುದು ಕಡಿಮೆಯಾಗುತ್ತದೆ. ತನ್ನ ದಾರಿಗೆ ತಾನೇ ಅಡ್ಡ.

ದ್ರಾವಣ ಗಟ್ಟಿಯಾದಾಗ ಈ ಉಪ್ಪು ಗ್ರಾಂಗೆ ಹೀರುವ ಶಾಖ ಸ್ವಲ್ಪ ಕಡಿಮೆಯಾಗಿ ಸುಮಾರು 70 ಕ್ಯಾಲೊರಿಗೆ ಬರುತ್ತದೆ. ರಾತ್ರಿಯೆಲ್ಲ ಮೇಲಿನ ತೊಟ್ಟಿಯಲ್ಲಿ ನಿಂತು 18 ಡಿಗ್ರಿಗೆ ಇಳಿದ ನೀರನ್ನು ಬಳಸಿದರೆ, ಲೀಟರಿಗೆ 175 ಗ್ರಾಂ ಕರಗುವಷ್ಟರಲ್ಲಿ ನೀರು 6 ಡಿಗ್ರಿಯ ಹತ್ತಿರ ಬಂದಿರುತ್ತದೆ. ಆ ಉಷ್ಣತೆಯಲ್ಲಿ ಅದಕ್ಕಿಂತ ಹೆಚ್ಚು ಕರಗುವುದೇ ಇಲ್ಲ. ಲೀಟರಿಗೆ ಸುಮಾರು 25 ಗ್ರಾಂ, ನೂರು ಲೀಟರಿಗೆ ಎರಡೂವರೆ ಕಿಲೋ, ತಳದಲ್ಲಿ ಉಳಿಯುತ್ತದೆ. ಎಷ್ಟು ತಿರುವಿದರೂ ಫಲವಿಲ್ಲ. ಹೊರಗಿನಿಂದ ಶಾಖ ಬರುವವರೆಗೆ ಹರಳು ಜಗ್ಗುವುದಿಲ್ಲ.

ಅದೇ ನೀರು 26 ಡಿಗ್ರಿಯಲ್ಲಿದ್ದರೆ? 200 ಗ್ರಾಂ ಕರಗಿದ ಮೇಲೆ 12 ಡಿಗ್ರಿಗೆ ಇಳಿಯುತ್ತದೆ. 12 ಡಿಗ್ರಿಯಲ್ಲಿ ಲೀಟರಿಗೆ 200 ಗ್ರಾಂಗಿಂತ ಹೆಚ್ಚೇ ಕರಗುವುದರಿಂದ ತಳದಲ್ಲಿ ಏನೂ ಉಳಿಯುವುದಿಲ್ಲ. ಗೊಬ್ಬರ ಅದೇ, ಪೀಪಾಯಿ ಅದೇ. ಎಂಟು ಡಿಗ್ರಿಯ ವ್ಯತ್ಯಾಸವೇ ಎಲ್ಲ ತೊಂದರೆಗೆ ಕಾರಣ. ಕೊಳವೆ ಬಾವಿಯ ನೀರು ಚಳಿಗಾಲದಲ್ಲಿಯೂ ಮೇಲಿನ ತೊಟ್ಟಿಯ ನೀರಿಗಿಂತ ಬೆಚ್ಚಗಿರುತ್ತದೆ. ಆದ್ದರಿಂದ ಗೊಬ್ಬರ ಕರಗಿಸಲು ಪಂಪಿನಿಂದ ಆಗ ತಾನೇ ಬಂದ ನೀರನ್ನು ಹಿಡಿದುಕೊಳ್ಳುವುದು ಖರ್ಚಿಲ್ಲದ ಉಪಾಯ. ಅದಾಗದಿದ್ದರೆ ಹಿಂದಿನ ದಿನ ಮಧ್ಯಾಹ್ನವೇ ಕರಗಿಸಿ ಮುಚ್ಚಿಡಬೇಕು. ಕರಗಿ ಮುಗಿದ ದ್ರಾವಣ ರಾತ್ರಿಯ ಚಳಿಗೆ 14–15 ಡಿಗ್ರಿಗೆ ಇಳಿದರೂ 200 ಗ್ರಾಂನ ಮಟ್ಟದಲ್ಲಿ ಹರಳು ಕಟ್ಟುವುದಿಲ್ಲ. ಇನ್ನೂ ಸುಲಭವಾದ ದಾರಿಯೆಂದರೆ ಲೀಟರಿಗೆ 200ರ ಬದಲು 100 ಗ್ರಾಂ ಹಾಕಿ ಎರಡು ಸಲ ಹಾಯಿಸುವುದು. ಪೀಪಾಯಿಗೆ ಸೌದೆ ಒಲೆಯಲ್ಲಿ ಕಾಯಿಸಿದ ನೀರನ್ನು ಸುರಿಯುವವರಿದ್ದಾರೆ. ಒಂದೆರಡು ಬಿಂದಿಗೆ ಬಿಸಿನೀರು ಬೆರೆಸಿದರೆ ತಪ್ಪಿಲ್ಲ, ಆದರೆ ಕುದಿಯುವ ನೀರು ಪ್ಲಾಸ್ಟಿಕ್ಕಿಗೂ ಕೈಗೂ ಒಳ್ಳೆಯದಲ್ಲ.

ಯೂರಿಯಾದ ಸಂಗತಿ ಬೇರೆ. ಅದು 0 ಡಿಗ್ರಿಯಲ್ಲಿಯೂ 100 ಗ್ರಾಂ ನೀರಿಗೆ 60 ಗ್ರಾಂಗಿಂತ ಹೆಚ್ಚು ಕರಗುತ್ತದೆ. ಎರಡು ಲೀಟರಿಗೆ ಒಂದು ಕಿಲೋ ಹಾಕಿದರೆ ನೀರು ಇಪ್ಪತ್ತು ಡಿಗ್ರಿಗೂ ಮಿಕ್ಕಿ ತಣ್ಣಗಾದೀತು, ಕರಗಲು ಹೊತ್ತು ಹಿಡಿದೀತು, ಆದರೆ ಕೊನೆಗೆ ಕರಗುತ್ತದೆ. ಇನ್ನು ಎಲೆಗಳ ಮೇಲೆ ಸಿಂಪಡಿಸುವ ಶೇಕಡ 2ರ ದ್ರಾವಣದಲ್ಲಿ ಲೀಟರಿಗೆ 20 ಗ್ರಾಂ ಮಾತ್ರ ಇರುವುದರಿಂದ ಇಳಿತ ಕೇವಲ 1.2 ಡಿಗ್ರಿ. ಯೂರಿಯಾ ನೀರು ತಂಪಾಗಿ ಎಲೆ ಮುರುಟುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಎಲೆ ಸುಟ್ಟಿದ್ದರೆ ಪ್ರಮಾಣ ಹೆಚ್ಚಾಗಿದೆಯೇ, ಉರಿಬಿಸಿಲಿನಲ್ಲಿ ಸಿಂಪಡಿಸಲಾಗಿದೆಯೇ ಎಂದು ನೋಡಬೇಕು.

ಕಲಬೆರಕೆ ಪತ್ತೆಗೆ ಎಷ್ಟು ಉಪಯೋಗ?

‘ಕರಗಿದಾಗ ತಣ್ಣಗಾದರೆ ಅಸಲಿ ಯೂರಿಯಾ’ ಎಂಬ ಪರೀಕ್ಷೆ ಹಳ್ಳಿಗಳಲ್ಲಿ ರೂಢಿಯಲ್ಲಿದೆ. ಇದು ಅರ್ಧ ಸತ್ಯ. ನೀರನ್ನು ತಣ್ಣಗೆ ಮಾಡುವ ಉಪ್ಪುಗಳು ಹಲವಿವೆ; ಕೈಗೆ ತಣ್ಣಗಾಯಿತೆಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಎಷ್ಟು ಡಿಗ್ರಿ ತಣ್ಣಗಾಯಿತೆಂಬುದು ಮಾತ್ರ ಕೆಲವೊಮ್ಮೆ ದಾರಿ ತೋರಿಸುತ್ತದೆ. ಪೊಟ್ಯಾಷಿಗೆ ಅಡುಗೆ ಉಪ್ಪು ಬೆರೆಸಿದ ಅನುಮಾನವಿದ್ದರೆ ಲೋಟದ ಪ್ರಯೋಗ ಪ್ರಯೋಜನಕ್ಕೆ ಬರುತ್ತದೆ. ಶುದ್ಧ ಪೊಟ್ಯಾಷ್ 5 ಡಿಗ್ರಿ ಇಳಿಸಿದರೆ ಅಷ್ಟೇ ತೂಕದ ಅಡುಗೆ ಉಪ್ಪು ಇಳಿಸುವುದು ಒಂದು, ಒಂದೂವರೆ ಡಿಗ್ರಿ. ಅರ್ಧಕ್ಕರ್ಧ ಬೆರೆಸಿದ ಸರಕು ಮೂರು ಡಿಗ್ರಿಯ ಆಸುಪಾಸಿಗೆ ಬಂದು ಸಿಕ್ಕಿಬೀಳುತ್ತದೆ.

ಸತುವಿನ ಸಲ್ಫೇಟಿಗೆ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ. ನೋಡಲು ಎರಡೂ ಒಂದೇ ತೆರನಾದ ಬಿಳಿಯ ಹರಳು. ನೀರನ್ನು ತಂಪು ಮಾಡುವುದೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಅಲ್ಲಿ ಡಿ.ಎ.ಪಿ. ತಿಳಿಯ ಪರೀಕ್ಷೆಯೇ ಸರಿ. ಡಿ.ಎ.ಪಿ. ಕರಗಿಸಿದ ತಿಳಿನೀರಿಗೆ ಸತುವಿನ ಸಲ್ಫೇಟಿನ ದ್ರಾವಣ ಸೇರಿಸಿದರೆ ಮೊಸರು ಒಡೆದಂತೆ ಗಟ್ಟಿ ಗಸಿ ಬರುತ್ತದೆ, ಮೆಗ್ನೀಸಿಯಂ ಸಲ್ಫೇಟಿಗೆ ಹಾಗೆ ಬರುವುದಿಲ್ಲ. ಮನೆಯ ಪರೀಕ್ಷೆ ಯಾವುದೇ ಇರಲಿ, ಅದು ಅನುಮಾನಕ್ಕೆ ಮಾತ್ರ ಆಧಾರ. ದೂರು ಕೊಡುವುದಾದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಪರಿವೀಕ್ಷಕರೇ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳುಹಿಸಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಸಿದರೆ ಅವರು ದಾರಿ ತೋರಿಸುತ್ತಾರೆ. ಅಲ್ಲಿಯವರೆಗೆ ಚೀಲವನ್ನೂ ರಸೀದಿಯನ್ನೂ ಜೋಪಾನವಾಗಿಡಬೇಕು.

ಬಿಸಿಯಾಗುವ ಸುಣ್ಣ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದೇ ಲೋಟ ಇನ್ನೊಂದು ಕೆಲಸಕ್ಕೆ ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ರೋಗವನ್ನು ಕುರಿತ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಶೇಕಡ 1ರ ದ್ರಾವಣಕ್ಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಟ್ಟ ಸುಣ್ಣ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ದ್ರಾವಣ ಕೆಡುವುದು ಸಾಮಾನ್ಯವಾಗಿ ಸುಣ್ಣದಿಂದ.

ಒಳ್ಳೆಯ ಸುಟ್ಟ ಸುಣ್ಣ ಅರಳುವಾಗ ಗ್ರಾಂಗೆ ಸುಮಾರು 275 ಕ್ಯಾಲೊರಿ ಶಾಖ ಬಿಡುತ್ತದೆ. ಒಂದು ಕಿಲೋ ಸುಣ್ಣವನ್ನು ಹತ್ತು ಲೀಟರಿನಲ್ಲಿ ಅರಳಿಸಿದರೆ ನೀರು 27 ಡಿಗ್ರಿಯಷ್ಟು ಬಿಸಿಯೇರುತ್ತದೆ. ಎರಡು ಲೀಟರಿನಲ್ಲಿ ಅರಳಿಸಿದರೆ ಕುದಿಯುತ್ತದೆ. ಗಾಳಿಗೆ ಬಿದ್ದು ಹಳತಾದ ಸುಣ್ಣ ಅಷ್ಟು ಬಿಸಿಯಾಗುವುದಿಲ್ಲ. ಇದನ್ನು ತಿಳಿಯಲು ಅರ್ಧ ಲೀಟರ್ ಹಿಡಿಯುವ ದೊಡ್ಡ ಸ್ಟೀಲ್ ಪಾತ್ರೆಯನ್ನು ಮೊದಲಿನಂತೆ ಹೊಟ್ಟಿನಲ್ಲಿ ಹುದುಗಿಸಿ, 500 ಮಿಲಿಲೀಟರ್ ನೀರಿಗೆ ಪುಡಿ ಮಾಡಿದ 50 ಗ್ರಾಂ ಸುಣ್ಣ ಹಾಕಿ ಹದಿನೈದು ನಿಮಿಷದವರೆಗೆ ನೋಡಬೇಕು. ಉಷ್ಣತೆ 25 ಡಿಗ್ರಿಯ ಹತ್ತಿರ ಏರಿದರೆ ಸುಣ್ಣ ಹೊಸದು. ಎಂಟು ಹತ್ತು ಡಿಗ್ರಿಗೇ ನಿಂತರೆ ಮೂರರಲ್ಲಿ ಎರಡು ಪಾಲು ಆಗಲೇ ಅರಳಿಹೋಗಿದೆ, ಇಲ್ಲವೆ ಸುಡದ ಕಲ್ಲಾಗಿದೆ. ಆಗಲೇ ಅರಳಿದ ಸುಣ್ಣ ಸ್ವಲ್ಪಮಟ್ಟಿಗೆ ಕೆಲಸಕ್ಕೆ ಬರುತ್ತದೆ, ಕಲ್ಲು ಬರುವುದಿಲ್ಲ. ಇವೆರಡರ ಭೇದವನ್ನು ಉಷ್ಣತಾಮಾಪಕ ಹೇಳಲಾರದು. ಪ್ರಯೋಗದ ವೇಳೆ ಮುಖವನ್ನು ಪಾತ್ರೆಯ ಮೇಲೆ ಬಾಗಿಸಬಾರದು, ಗಾಜಿನ ಸೀಸೆ ಬಳಸಬಾರದು, ಮಕ್ಕಳು ಹತ್ತಿರ ಇರಬಾರದು. ಸುಣ್ಣದ ಹನಿ ಕಣ್ಣಿಗೆ ಸಿಡಿದರೆ ಕೂಡಲೇ ಬಹಳ ಹೊತ್ತು ತಣ್ಣೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಸುಣ್ಣ ಹೊಸದಾಗಿದ್ದರೂ ಬಿಸಿಯಾಗಿರುವಾಗಲೇ ಮೈಲುತುತ್ತಿನೊಡನೆ ಬೆರೆಸಬಾರದು. ಬಿಸಿಯಲ್ಲಿ ಬೆರೆತ ದ್ರಾವಣದ ಕಣಗಳು ದಪ್ಪವಾಗಿ, ಬೇಗ ತಳ ಸೇರುತ್ತವೆ, ಗೊನೆಗೆ ಅಂಟುವುದಿಲ್ಲ. ಮೈಲುತುತ್ತು ತಾನಾಗಿ ನೀರನ್ನು ತಣ್ಣಗೆ ಮಾಡುವುದು ಅತ್ಯಲ್ಪ, ಹತ್ತು ಲೀಟರಿಗೆ ಒಂದು ಕಿಲೋ ಹಾಕಿದರೆ ಒಂದು ಡಿಗ್ರಿಯಷ್ಟು. ಸುಣ್ಣದ ಕಾವನ್ನು ಅದು ತಣಿಸೀತೆಂದು ನೆಚ್ಚಿಕೊಳ್ಳುವಂತಿಲ್ಲ. ಸುಣ್ಣವನ್ನು ಹಿಂದಿನ ಸಂಜೆ ಅರಳಿಸಿ ಮುಚ್ಚಿಟ್ಟು, ಬೆಳಿಗ್ಗೆ ಸೋಸಿ, ಎರಡು ತಿಳಿಗಳ ಉಷ್ಣತೆಯೂ ಒಂದೇ ಆಗಿದೆಯೇ ಎಂದು ಮಾಪಕದಿಂದ ನೋಡಿ, ಮೈಲುತುತ್ತಿನ ದ್ರಾವಣವನ್ನು ಸುಣ್ಣದ ತಿಳಿಗೆ ಕಲಕುತ್ತ ಸುರಿಯಬೇಕು. ಬಳಿಕ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದು, ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೊಮ್ಮೆ ಅದ್ದಿ ನೋಡತಕ್ಕದ್ದು.